ಕಾಯಕವೂ ವ್ರತವೂ

ನೆಲೋಗಿಯ ಸುತ್ತಣ ಕರಿನೆಲದಲ್ಲಿ ಎತ್ತಿನ ಬೇಸಾಯ ಮಾಡುವ ಮನೆಗಳಲ್ಲಿ ಒಂದು ಹಳೆಯ ಕಟ್ಟಳೆಯುಂಟು. ಸೋಮವಾರ ಎತ್ತಿನ ಹೆಗಲ ಮೇಲೆ ನೊಗವಿಡಲಾಗದು. ಅದು ಬಸವಣ್ಣನ ವಾರ. ಅಂದು ಎತ್ತಿನ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇವು ಹಾಕಿ, ಕೈಮುಗಿದು ಸುಮ್ಮನೆ ಬಿಡುವರು. ಜೇವರ್ಗಿ, ಅಫಜಲಪುರ, ಆಳಂದ ಸೀಮೆಗಳಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೇಲೆ ನೋಡಿದರೆ ಇದು ಬಹು ಸುಲಭವಾದ ವ್ರತ. ಉಪವಾಸವಿಲ್ಲ, ಜಾಗರಣೆಯಿಲ್ಲ, ದಕ್ಷಿಣೆಯಿಲ್ಲ. ಒಂದು ದಿನ ಕೆಲಸ ಮಾಡದೆ ಇದ್ದರಾಯಿತು. ಆದರೆ ಹಿಂಗಾರಿ ಬಿತ್ತನೆಯ ಕಾಲದಲ್ಲಿ ಈ ವ್ರತದ ಬೆಲೆ ಏನೆಂಬುದು ತಿಳಿಯುವುದು. ಮಳೆ ಹೊಯ್ದು ನಿಂತು, ನೆಲ ದಿನದಿನಕ್ಕೆ ಆರುತ್ತ ಬಂದು, ಸರಿಯಾಗಿ ಸೋಮವಾರವೇ ಹದಕ್ಕೆ ಬಂದಿತೆನ್ನಿ. ಕರಿನೆಲದ ಹದವು ಯಾರ ದಾರಿಯನ್ನೂ ಕಾಯುವುದಿಲ್ಲ. ಮರುದಿನ ಮತ್ತೆ ಮಳೆಯಾದರೆ ಹೊಲವೆಲ್ಲ ಕೆಸರು. ಬಿಸಿಲು ಬಲಿತರೆ ನೆಲವೆಲ್ಲ ಬಿರುಕು. ಆಗ ಒಕ್ಕಲಿಗನು ಕೊಟ್ಟಿಗೆಯಲ್ಲಿ ಮೆಲುಕು ಹಾಕುವ ಎತ್ತುಗಳನ್ನೊಮ್ಮೆ, ಬಾಗಿಲಾಚೆಯ ಹೊಲವನ್ನೊಮ್ಮೆ ನೋಡುತ್ತ ನಿಲ್ಲುವನು.

ಮನುಷ್ಯನ ಕಾಯಕವೂ ಅವನ ವ್ರತವೂ ಹೀಗೆ ಒಂದಕ್ಕೊಂದು ಎದುರಾಗಿ ನಿಂತಾಗ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ಈ ಪ್ರಶ್ನೆಯನ್ನು ನಮ್ಮ ಹೊಲದ ಬದುವಿನ ಮೇಲೆಯೇ ನಿಂತು ವಿಚಾರಿಸಬಹುದು. ಆದರೆ ಸ್ವಂತ ಮನೆಯ ನ್ಯಾಯವನ್ನು ತೀರಿಸುವಾಗ ಮಮತೆಯು ಅಡ್ಡ ಬರುವುದು. ಆದಕಾರಣ ಮೊದಲು ಬಹುದೂರದ ಒಂದು ದೃಷ್ಟಾಂತವನ್ನು ತೆಗೆದುಕೊಂಡು, ಅದರಲ್ಲಿ ಕಂಡ ಬೆಳಕಿನಿಂದ ನಮ್ಮ ಮನೆಯನ್ನು ನೋಡೋಣ. ಆ ದೃಷ್ಟಾಂತವು ಕೊರಿಯಾ ದೇಶದ ಚೋ ಹೇಯೋನ್ ಎಂಬ ಮಹಿಳೆಯದು. ಆಟವೇ ಆಕೆಯ ಕಾಯಕ. ಭಾನುವಾರ ಆಡದಿರುವುದು ಆಕೆಯ ವ್ರತ.

ಆಕೆ ಆಡುವ ಆಟವನ್ನು ಕೊರಿಯಾದವರು ಬಾದುಕ್ ಎಂದೂ ಜಪಾನಿನವರು ಗೋ ಎಂದೂ ಚೀನದವರು ವೇಯ್‌ಚಿ ಎಂದೂ ಕರೆಯುವರು. ಚೀನದ ಹೆಸರಿಗೆ ಸುತ್ತುವರಿಯುವ ಆಟವೆಂದು ಅರ್ಥ. ಗುಡಿಯ ಜಗಲಿಯ ಚಪ್ಪಡಿಯ ಮೇಲೆ ಗೆರೆ ಕೊರೆದು ಹುಲಿ-ಕುರಿಯ ಆಟವನ್ನಾಡಿದ ನಮ್ಮವರಿಗೆ ಇದರ ತಿರುಳು ಹೊಸದಲ್ಲ. ಅಲ್ಲಿ ಕುರಿಗಳು ಹುಲಿಯನ್ನು ಕೊಲ್ಲಲಾರವು; ಸುತ್ತಲೂ ನಿಂತು, ಕದಲದಂತೆ ಕಟ್ಟಿಹಾಕಿ ಗೆಲ್ಲುವುವು. ಬಾದುಕ್ ಆಟದಲ್ಲಿ ಅಡ್ಡ ಹತ್ತೊಂಬತ್ತು, ಉದ್ದ ಹತ್ತೊಂಬತ್ತು ಗೆರೆಗಳು. ಅವು ಕೂಡುವ ಸಂಧಿಗಳು ೩೬೧. ಒಬ್ಬರ ಕೈಯಲ್ಲಿ ಕರಿಯ ಹರಳು, ಮತ್ತೊಬ್ಬರ ಕೈಯಲ್ಲಿ ಬಿಳಿಯ ಹರಳು. ಸರದಿಯಂತೆ ಒಂದೊಂದನ್ನು ಒಂದೊಂದು ಸಂಧಿಯ ಮೇಲಿಡಬೇಕು. ಇಟ್ಟ ಹರಳು ಮತ್ತೆ ನಡೆಯುವುದಿಲ್ಲ. ಅದರ ಸುತ್ತಣ ಬರಿಯ ಸಂಧಿಗಳೆಲ್ಲವನ್ನೂ ಎದುರಾಳಿಯು ತುಂಬಿದರೆ ಮಾತ್ರ ಅದು ಸೆರೆಯಾಗಿ ಹಲಗೆಯನ್ನು ಬಿಡುವುದು. ಕೊನೆಯಲ್ಲಿ ಹೆಚ್ಚು ನೆಲವನ್ನು ಸುತ್ತುಗಟ್ಟಿಕೊಂಡವರು ಗೆದ್ದಂತೆ. ದಾಳವಿಲ್ಲ, ಅದೃಷ್ಟವಿಲ್ಲ, ಮರೆಯಿಲ್ಲ.

ಈ ಆಟದ ಒಂದು ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕು. ಹರಳುಗಳ ಗುಂಪೊಂದು ವೈರಿಯಿಂದ ಎಷ್ಟು ಬಿಗಿಯಾಗಿ ಸುತ್ತುವರಿಯಲ್ಪಟ್ಟರೂ, ತನ್ನೊಳಗೆ ಎರಡು ಬರಿಯ ಮನೆಗಳನ್ನು ಬೇರೆಬೇರೆಯಾಗಿ ಉಳಿಸಿಕೊಂಡಿದ್ದರೆ ಅದಕ್ಕೆ ಸಾವಿಲ್ಲ. ಆ ಬರಿಯ ಮನೆಗಳನ್ನು ಕಣ್ಣುಗಳೆಂದು ಕರೆಯುವರು. ಅವನ್ನು ಸುಮ್ಮನೆ ಏಕೆ ಬಿಡಬೇಕೆಂದು ತಾನೇ ತುಂಬಿಕೊಂಡ ಗುಂಪು ಮಾತ್ರ ಸಾಯುವುದು.

ಆಟದ ವಿಚಾರವನ್ನು ಇಷ್ಟು ಗಂಭೀರವಾಗಿ ಬರೆಯಬೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಸೀಮೆಯ ಹಿರಿಯರಿಗೆ ಇಂಥ ಸಂಕೋಚವಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ರಾಜ್ಯವನ್ನಾಳುವ ಕ್ರಮವನ್ನು ಹೇಳಿದಂತೆಯೇ ಚದುರಂಗವನ್ನೂ ಪಗಡೆಯನ್ನೂ ಹೇಳಿದ್ದಾನೆ. ಮತ್ತೊಂದು ಕಡೆಯಲ್ಲಿ ಮನುಸ್ಮೃತಿಯು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಎಣಿಸುವಾಗ ಬೇಟೆಯ ಪಕ್ಕದಲ್ಲಿಯೇ ಜೂಜನ್ನು ಇಟ್ಟಿದೆ. ಹಲಗೆ ಒಂದೇ; ಒಂದು ಗ್ರಂಥವು ಅದನ್ನು ವಿನೋದವೆಂದು ಕಲಿಸಿತು, ಇನ್ನೊಂದು ವ್ಯಸನವೆಂದು ಬೆದರಿಸಿತು. ಈ ಎರಡಕ್ಕೂ ನಡುವಣ ಗೆರೆ ಎಲ್ಲಿದೆಯೆಂಬುದೇ ನಮ್ಮ ವಿಚಾರದ ಅರ್ಧಭಾಗ.

ಈಗ ಆ ಮಹಿಳೆಯ ಜೀವಿತವನ್ನು ಸಂಕ್ಷೇಪವಾಗಿ ಹೇಳತಕ್ಕುದು. ಚೋ ಹೇಯೋನ್ ೧೯೮೫ರಲ್ಲಿ ಹುಟ್ಟಿದಳು. ಕೊರಿಯಾದಲ್ಲಿ ಬಾದುಕ್ ಆಟವು ಮಕ್ಕಳ ಪಾಠಶಾಲೆಗಳನ್ನೂ ಕಠಿನವಾದ ಪರೀಕ್ಷೆಗಳನ್ನೂ ಸಂಬಳ-ಬಹುಮಾನಗಳನ್ನೂ ಉಳ್ಳ ಒಂದು ವೃತ್ತಿ. ಪರೀಕ್ಷೆಯಲ್ಲಿ ತೇರಿದವರು ಮೊದಲನೆಯ ದರ್ಜೆಯ ವೃತ್ತಿಗಾರರಾಗುವರು. ಒಂಬತ್ತನೆಯದು ಕೊನೆಯ ಮೆಟ್ಟಿಲು. ಈಕೆ ೧೯೯೭ರಲ್ಲಿ, ಇನ್ನೂ ಹನ್ನೊಂದು ವರ್ಷದ ಬಾಲಿಕೆಯಾಗಿದ್ದಾಗಲೇ, ಮೊದಲ ಮೆಟ್ಟಿಲನ್ನು ಹತ್ತಿದಳು. ಅದುವರೆಗೆ ಆ ದೇಶದಲ್ಲಿ ಇದಕ್ಕಿಂತ ಎಳೆಯ ವಯಸ್ಸಿನಲ್ಲಿ ವೃತ್ತಿಗೆ ಬಂದವರು ಚೋ ಹುನ್‌ಹ್ಯೋನ್, ಲೀ ಚಾಂಗ್‌ಹೋ ಎಂಬಿಬ್ಬರು ಮಹಾ ಆಟಗಾರರು ಮಾತ್ರ. ಹದಿಮೂರು ವರ್ಷಗಳ ಬಳಿಕ, ೨೦೧೦ರಲ್ಲಿ, ಆಕೆ ಒಂಬತ್ತನೆಯ ಮೆಟ್ಟಿಲನ್ನು ಮುಟ್ಟಿದಳು. ಅದೇ ವರ್ಷ ಚೀನದ ಗ್ವಾಂಗ್‌ಜೋದಲ್ಲಿ ನಡೆದ ಏಷ್ಯಾ ಕ್ರೀಡೆಗಳಲ್ಲಿ ಈ ಆಟಕ್ಕೂ ಸ್ಥಾನ ದೊರೆತು, ಚಿನ್ನದ ಪದಕ ಗೆದ್ದ ಕೊರಿಯಾದ ಮಹಿಳೆಯರ ತಂಡದಲ್ಲಿ ಈಕೆಯೂ ಇದ್ದಳು. ಆಡುವುದರ ಜೊತೆಗೆ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಓದಿದಳು. ಹರಳುಗಳ ಗುಂಪು ಬದುಕುವುದೋ ಸಾಯುವುದೋ ಎಂದು ಬಿಡಿಸಬೇಕಾದ ಸಮಸ್ಯೆಗಳನ್ನು ತಾನೇ ಕಟ್ಟಿ ಪುಸ್ತಕಗಳನ್ನು ಪ್ರಕಟಿಸಿದಳು.

ಆಕೆಯ ಯೌವನದ ಕಾಲಕ್ಕೆ ಹಲಗೆಯ ಎದುರಿಗೆ ಮತ್ತೆಮತ್ತೆ ಬಂದು ಕುಳಿತವಳು ರೂಯ್ ನೈವೇಯ್. ಈಕೆಯ ಕಥೆಯನ್ನೂ ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ೧೯೬೩ರಲ್ಲಿ ಶಾಂಘೈಯಲ್ಲಿ ಹುಟ್ಟಿದ ರೂಯ್, ೧೯೮೮ರಲ್ಲಿ ಒಂಬತ್ತನೆಯ ಮೆಟ್ಟಿಲನ್ನು ಹತ್ತಿದಳು. ಜಗತ್ತಿನಲ್ಲಿ ಹೆಂಗಸೊಬ್ಬಳು ಆ ಪದವಿಯನ್ನು ಪಡೆದುದು ಅದೇ ಮೊದಲು. ಅನಂತರ ತನ್ನ ದೇಶವನ್ನು ಬಿಟ್ಟು ಜಪಾನಿಗೆ ಹೋದಳು. ಅಲ್ಲಿ ವೃತ್ತಿಯ ಪಂದ್ಯಗಳಲ್ಲಿ ಆಡಲು ಆಕೆಗೆ ಅವಕಾಶ ದೊರೆಯಲಿಲ್ಲ. ಅಮೆರಿಕೆಗೆ ಹೋದಳು, ಅಲ್ಲಿ ಈ ಆಟವೇ ವಿರಳ. ಸುಮಾರು ಹತ್ತು ವರ್ಷಗಳ ಅಲೆದಾಟದ ಬಳಿಕ ೧೯೯೯ರಲ್ಲಿ ಕೊರಿಯಾದವರು ಆಕೆಯನ್ನು ಬರಮಾಡಿಕೊಂಡರು. ಮರುವರ್ಷವೇ ಆಕೆ ಲೀ ಚಾಂಗ್‌ಹೋನನ್ನು ಸೋಲಿಸಿ, ಅಂತಿಮದಲ್ಲಿ ಚೋ ಹುನ್‌ಹ್ಯೋನನನ್ನೂ ಗೆದ್ದು, ಕುಕ್ಸೂ ಎಂಬ ಹಿರಿಯ ಬಿರುದನ್ನು ಪಡೆದಳು. ಆ ಬಿರುದಿಗೆ ನಾಡಿನ ಕೈ ಎಂದರ್ಥ. ಗಂಡಸರೂ ಸೇರಿ ಆಡುವ ಆ ಪಂದ್ಯದಲ್ಲಿ ಹೆಂಗಸಿನ ಕೈಯೇ ನಾಡಿನ ಕೈಯೆನಿಸಿತು. ಇಂಥವಳ ಎದುರಿಗೆ ಚೋ ಹೇಯೋನ್ ಅನೇಕ ಅಂತಿಮ ಪಂದ್ಯಗಳಲ್ಲಿ ಕುಳಿತಳು. ಸೋಲು ಹೆಚ್ಚು, ಗೆಲುವೂ ಉಂಟು. ಇವರು ತುಳಿದ ದಾರಿಯಲ್ಲಿಯೇ ಮುಂದೆ ಹೋದ ಚೋಯ್ ಜೋಂಗ್ ಎಂಬ ಕೊರಿಯಾದ ಯುವತಿಯು ೨೦೨೨ರಲ್ಲಿ ಸ್ಯಾಮ್‌ಸಂಗ್ ಬಟ್ಟಲಿನ ಅಂತಿಮ ಪಂದ್ಯವನ್ನು ಮುಟ್ಟಿದಳು. ಸರ್ವರಿಗೂ ತೆರೆದ ಜಾಗತಿಕ ಪಂದ್ಯವೊಂದರ ಕೊನೆಯ ಸುತ್ತಿಗೆ ಹೆಂಗಸು ಬಂದುದು ಅದೇ ಪ್ರಥಮ.

ಹೀಗೆ ಒಂದೊಂದು ಪಂದ್ಯಕ್ಕೂ ಇಷ್ಟೊಂದು ಬೆಲೆಯಿರುವ ವೃತ್ತಿಯಲ್ಲಿದ್ದು, ಚೋ ಹೇಯೋನ್ ಭಾನುವಾರ ಆಡುವುದಿಲ್ಲವೆಂದು ಹೇಳಿದಳು. ಆಕೆ ದೃಢವಾದ ಕ್ರೈಸ್ತಭಕ್ತೆ. ಭಾನುವಾರ ದೇವರ ದಿನ. ಪಂದ್ಯದ ನಿಯಮವೋ ಸರಳ. ಗೊತ್ತಾದ ಹೊತ್ತಿಗೆ ಹಲಗೆಯ ಮುಂದೆ ಇಲ್ಲದವರು ಸೋತಂತೆಯೇ. ಒಂದು ಹರಳನ್ನೂ ಇಡದೆ ಬರುವ ಈ ಸೋಲು, ಇಟ್ಟು ಸೋತ ಸೋಲಿಗಿಂತ ಆಟಗಾರನಿಗೆ ಹೆಚ್ಚು ಕಹಿಯಾದುದು. ಬಾಲ್ಯದಿಂದ ಕಣ್ಣುಗೆಟ್ಟು ಕಲಿತ ವಿದ್ಯೆಯನ್ನು, ಅದು ಬೇಕಾದ ದಿನದಲ್ಲಿಯೇ, ಮಡಿಸಿ ಇಟ್ಟಂತೆ. ಇತ್ತ ರೂಯ್ ನೈವೇಯ್ ಹತ್ತು ವರ್ಷ ಹಲಗೆಗಾಗಿ ದೇಶದೇಶ ತಿರುಗಿದವಳು. ಅತ್ತ ಅವಳೆದುರಿಗೆ ಇರುವವಳು ದೊರೆತ ಹಲಗೆಯಿಂದ ಏಳುದಿನಕ್ಕೊಮ್ಮೆ ಎದ್ದುಹೋಗುವವಳು. ಇಬ್ಬರಲ್ಲಿ ಆಟವನ್ನು ಹೆಚ್ಚು ಪ್ರೀತಿಸಿದವರು ಯಾರು? ಅವಸರದಲ್ಲಿ ರೂಯ್ ಎಂದುಬಿಡುತ್ತೇವೆ. ಆದರೆ ಪ್ರೀತಿಯ ಅಳತೆ ಅಷ್ಟು ಸುಲಭವಲ್ಲ.

ಚೋ ಹೇಯೋನಳಿಗೆ ಎದುರಾಗಿ ನಮ್ಮ ಮಣ್ಣಿನಿಂದಲೇ ಏಳುವ ದೊಡ್ಡ ಆಕ್ಷೇಪವೊಂದುಂಟು. ಕಾಯಕವೇ ಕೈಲಾಸವೆಂದು ನಂಬಿದ ಶರಣರ ನಾಡು ಇದು. ನುಲಿಯ ಚಂದಯ್ಯನ ಕಥೆ ಯಾರಿಗೆ ಗೊತ್ತಿಲ್ಲ? ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದುದರಿಂದ ದಾಸೋಹ ನಡೆಸುತ್ತಿದ್ದ ಆ ಶರಣನು ಒಮ್ಮೆ ಕೆರೆಯಲ್ಲಿ ಹುಲ್ಲು ಕೊಯ್ಯುತ್ತಿರಲು ಕೊರಳಿನ ಇಷ್ಟಲಿಂಗವು ಜಾರಿ ನೀರಿಗೆ ಬಿತ್ತು. ಆತನು ಕೆಲಸವನ್ನು ನಿಲ್ಲಿಸಲಿಲ್ಲ. ಲಿಂಗವೇ ಹಿಂದೆಹಿಂದೆ ಬಂದು ಬೇಡಿಕೊಂಡರೂ ಒಪ್ಪದೆ, ಕೊನೆಗೆ ಮಡಿವಾಳ ಮಾಚಯ್ಯನು ನಡುವೆ ಬರಬೇಕಾಯಿತು. ಲಿಂಗವೂ ಕಾಯಕದ ಕಟ್ಟಿಗೆ ಒಳಗಾಗಬೇಕೆಂಬುದು ಚಂದಯ್ಯನ ನಿಲುವು. ಆತನ ದೃಷ್ಟಿಯಿಂದ ನೋಡಿದರೆ, ಪೂಜೆಗೆಂದು ಕಾಯಕವನ್ನು ಬಿಟ್ಟೇಳುವ ಕೊರಿಯಾದ ಮಹಿಳೆ ನೇರವಾಗಿ ತಪ್ಪು ಮಾಡಿದಂತೆ ಕಾಣುವುದು. ಹರಳನ್ನಿಡುವುದೇ ಪೂಜೆಯಾಗಿರಲು ಭಾನುವಾರದ ಬೇರೆ ಪೂಜೆ ಏತಕ್ಕೆ?

ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಚಂದಯ್ಯನ ಕಾಯಕದ ಒಳಗನ್ನು ನೋಡಬೇಕು. ಆತನು ಹಗ್ಗ ಹೊಸೆದುದು ಹೊಸೆಯುವ ಸುಖಕ್ಕಾಗಿಯೂ ಅಲ್ಲ, ಹೆಸರಿಗಾಗಿಯೂ ಅಲ್ಲ. ಜಂಗಮದ ಎಲೆಯ ಮೇಲೆ ಅನ್ನ ಬೀಳಲಿ ಎಂದು. ಅಂದರೆ ಆ ಕಾಯಕದಲ್ಲಿ ತನಗೆಂದು ಇಟ್ಟುಕೊಂಡದ್ದು ಏನೂ ಇರಲಿಲ್ಲ. ಶರಣರಲ್ಲಿಯೇ ಇನ್ನೊಂದು ಕಥೆಯುಂಟು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ದಿನದ ಅಳತೆಗಿಂತ ಹೆಚ್ಚು ತಂದನು. ಆತನ ಮಡದಿ ಲಕ್ಕಮ್ಮ ಅದನ್ನು ಕಂಡು, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿದಳು. ಮಾರಯ್ಯನು ಮಾಡಿದುದೂ ಕಾಯಕವೇ. ಆದರೆ ಮಿತಿ ಮೀರಿದಾಗ ಅದೇ ಆಸೆಯಾಯಿತು. ಚಂದಯ್ಯನು ಕಾಯಕವನ್ನು ಬಿಡಬೇಡವೆಂದು ಕಲಿಸಿದರೆ, ಲಕ್ಕಮ್ಮ ಕಾಯಕಕ್ಕೂ ಎಲ್ಲೆಯುಂಟೆಂದು ಕಲಿಸಿದಳು. ಇಬ್ಬರೂ ಒಂದೇ ಅಂಗಳದ ಶರಣರು. ಚೋ ಹೇಯೋನ್ ಲಕ್ಕಮ್ಮನ ಸಾಲಿನವಳು. ಆರು ದಿನದ ಅಕ್ಕಿ ತನ್ನದು; ಏಳನೆಯ ದಿನದ್ದನ್ನು ತಂದಲ್ಲಿಯೇ ಸುರಿಯುವಳು.

ಎಲ್ಲೆಯನ್ನರಿಯದ ಆಟವು ಏನಾಗುವುದೆಂಬುದಕ್ಕೆ ಭಾರತಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ. ಧರ್ಮರಾಯನಿಗೂ ಒಂದು ವ್ರತವಿತ್ತು. ದ್ಯೂತಕ್ಕೆ ಕರೆದರೆ ಒಲ್ಲೆನೆನ್ನಬಾರದೆಂಬುದೇ ಆ ವ್ರತ. ಕ್ಷತ್ರಿಯನಿಗೆ ಕರೆಯನ್ನು ತಿರಸ್ಕರಿಸುವುದು ಅಪಮಾನವೆಂದು ಆತನು ತಿಳಿದನು. ಹಲಗೆಯ ಮುಂದೆ ಕುಳಿತನು, ಏಳಲಾರದೆ ಹೋದನು. ಕೋಶ ಹೋಯಿತು, ರಾಜ್ಯ ಹೋಯಿತು, ತಮ್ಮಂದಿರು ಹೋದರು, ತಾನೂ ಹೋದನು. ಅಷ್ಟಾದ ಮೇಲೆ ದ್ರೌಪದಿಯನ್ನು ಪಣವಿಟ್ಟನು. ಆಗ ಆಕೆ ಸಭೆಯನ್ನು ಕೇಳಿದ ಪ್ರಶ್ನೆ ಇಂದಿಗೂ ಉತ್ತರ ಕಾಣದೆ ನಿಂತಿದೆ. ತನ್ನನ್ನು ತಾನು ಮೊದಲೇ ಸೋತವನಿಗೆ ನನ್ನನ್ನು ಪಣವಿಡುವ ಅಧಿಕಾರವೆಲ್ಲಿಯದು? ಧರ್ಮರಾಯನು ವ್ರತಭಂಗ ಮಾಡಲಿಲ್ಲ, ಅಕ್ಷರಶಃ ನಡೆದುಕೊಂಡನು. ಆದರೂ ಅದನ್ನು ಧರ್ಮವೆನ್ನಲು ಯಾರ ನಾಲಗೆಯೂ ಏಳುವುದಿಲ್ಲ.

ಇಬ್ಬರ ವ್ರತಗಳನ್ನು ಪಕ್ಕದಲ್ಲಿಟ್ಟು ನೋಡಿರಿ. ಒಬ್ಬನು ಒಲ್ಲೆನೆನ್ನುವುದಿಲ್ಲವೆಂದು ಪಣತೊಟ್ಟನು. ಒಬ್ಬಳು ಒಂದು ದಿನ ಒಲ್ಲೆನೆನ್ನುವೆನೆಂದು ಪಣತೊಟ್ಟಳು. ಒಬ್ಬನ ವ್ರತದ ಸಾಲವನ್ನು ತಮ್ಮಂದಿರೂ ಮಡದಿಯೂ ತೀರಿಸಿದರು. ಇನ್ನೊಬ್ಬಳ ವ್ರತದ ಸಾಲವು ಮೊದಲು ಅವಳ ಹೆಸರಿಗೇ ಬೀಳುವುದು. ವಿನೋದಕ್ಕೂ ವ್ಯಸನಕ್ಕೂ ನಡುವೆ ನಾವು ಹುಡುಕಿದ ಗೆರೆ ಇಲ್ಲಿಯೇ ದೊರೆಯುವುದೆಂದು ನನಗೆ ತೋರುವುದು. ಹಲಗೆಯಿಂದ ಏಳಬಲ್ಲವನಿಗೆ ಆಟವು ವಿದ್ಯೆ. ಏಳಲಾರದವನಿಗೆ ಅದೇ ವ್ಯಸನ. ಇದು ಪಗಡೆಗೆ ಮಾತ್ರವಲ್ಲ, ವ್ಯಾಪಾರಕ್ಕೂ ರಾಜಕಾರಣಕ್ಕೂ ಸಾಹಿತ್ಯಕ್ಕೂ ಸಲ್ಲುವ ಮಾತು.

ಇಲ್ಲಿ ಮತ್ತೊಂದು ಆಕ್ಷೇಪ ಬರುವುದು. ವ್ರತಸ್ಥನು ತಾನೊಬ್ಬನೇ ಬದುಕುವುದಿಲ್ಲವಷ್ಟೆ. ಆಡದೆ ಹೋದರೆ ಎದುರಾಳಿಗೆ ದುಡಿಯದ ಗೆಲುವು ಬರುವುದು, ನೋಡಬಂದವರಿಗೆ ನಿರಾಶೆ, ತಂಡದ ಆಟವಾದರೆ ಜೊತೆಯವರಿಗೆ ನಷ್ಟ. ಒಬ್ಬರ ಪುಣ್ಯಕ್ಕೆ ಹತ್ತು ಜನ ತೆರಿಗೆ ಕೊಡಬೇಕೆ? ಈ ಮಾತಿಗೆ ಎರಡು ನಿದರ್ಶನಗಳನ್ನು ನೋಡಬಹುದು. ಪೋಲೆಂಡಿನಲ್ಲಿ ೧೯೧೧ರಲ್ಲಿ ಹುಟ್ಟಿ ಅಮೆರಿಕೆಯಲ್ಲಿ ನೆಲಸಿದ ಸ್ಯಾಮ್ಯುಯಲ್ ರೆಶೆವ್‌ಸ್ಕಿ ಎಂಬ ಚದುರಂಗದ ಮಹಾ ಆಟಗಾರನು ನಿಷ್ಠಾವಂತ ಯೆಹೂದಿ. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ ಆತನು ಕಾಯಿ ಮುಟ್ಟುತ್ತಿರಲಿಲ್ಲ. ಪಂದ್ಯಗಳ ವ್ಯವಸ್ಥಾಪಕರು ಆತನಿಗಾಗಿ ವೇಳೆಯನ್ನು ಹೊಂದಿಸಿಕೊಡುತ್ತಿದ್ದರು. ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ ಎಂಬ ಓಟಗಾರನು ೧೯೨೪ರ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳಲ್ಲಿ ೧೦೦ ಮೀಟರಿನ ಓಟವನ್ನು, ಅದರ ಮೊದಲ ಸುತ್ತು ಭಾನುವಾರ ಬಂದುದರಿಂದ, ಬಿಟ್ಟುಕೊಟ್ಟನು. ಆದರೆ ಆತನು ಇದನ್ನು ಓಟದ ಗೆರೆಯ ಮೇಲೆ ನಿಂತು ಹೇಳಲಿಲ್ಲ. ತಿಂಗಳುಗಳ ಮೊದಲೇ ತಿಳಿಸಿದನು. ತಿಳಿಸಿ, ೪೦೦ ಮೀಟರಿನ ಓಟಕ್ಕೆ ಮೈಯನ್ನು ಹದಗೊಳಿಸಿ, ೪೭.೬ ಸೆಕೆಂಡುಗಳಲ್ಲಿ ಓಡಿ ಚಿನ್ನವನ್ನು ಗೆದ್ದನು. ಆಮೇಲೆ ಚೀನದಲ್ಲಿ ಧರ್ಮಸೇವೆಗೆ ನಿಂತು, ೧೯೪೫ರಲ್ಲಿ ಜಪಾನೀಯರ ಸೆರೆಯ ಶಿಬಿರದಲ್ಲಿ ತೀರಿಕೊಂಡನು.

ಲಿಡೆಲನ ಕಥೆಯನ್ನು ಜಗತ್ತೆಲ್ಲ ಪ್ರೀತಿಯಿಂದ ಹೇಳುವುದು. ಅದಕ್ಕೆ ಕಾರಣವನ್ನು ನಮ್ಮೊಳಗೆ ನಾವೇ ಕೇಳಿಕೊಳ್ಳೋಣ. ಆತನು ವ್ರತವನ್ನು ಕಾಯ್ದನೆಂದೋ, ಕಾಯ್ದೂ ಗೆದ್ದನೆಂದೋ? ದೇವರು ಒಂದು ಕೈಯಿಂದ ಕಸಿದು ಇನ್ನೊಂದು ಕೈಯಿಂದ ಕೊಟ್ಟನೆಂಬ ಸಮಾಧಾನವಿದ್ದರೆ ವ್ರತವು ನಮಗೆ ಬಹಳ ಸುಂದರವಾಗಿ ಕಾಣುವುದು. ಆದರೆ ಅಂಥ ವ್ರತವು ಲಾಭದ ಬೇರೊಂದು ಹೆಸರು. ಚೋ ಹೇಯೋನಳ ಕಥೆಯಲ್ಲಿ ಭಾನುವಾರ ಬಿಟ್ಟ ಪಂದ್ಯಕ್ಕೆ ಸೋಮವಾರ ಬಹುಮಾನ ಬರುವುದಿಲ್ಲ. ಹೋದ ಪಂದ್ಯ ಹೋಯಿತು. ಆದ್ದರಿಂದಲೇ ಇದು ನೀತಿಯ ವಿಚಾರಕ್ಕೆ ಹೆಚ್ಚು ಯೋಗ್ಯವಾದ ದೃಷ್ಟಾಂತವೆಂದು ನಾನು ಆರಿಸಿದೆನು.

ಎರಡು ನಿದರ್ಶನಗಳಿಂದಲೂ ನಾವು ಕಲಿಯತಕ್ಕುದು ಇದು. ನಿಜವಾದ ವ್ರತವು ಬಯಲಿನಲ್ಲಿ ನಿಂತಿರುವುದು. ಅದರ ದಿನ ಯಾವುದೆಂದು ಎದುರಾಳಿಗೂ ತಿಳಿದಿರುವುದು, ಜೊತೆಯವರಿಗೂ ತಿಳಿದಿರುವುದು. ಕಷ್ಟ ಬಂದಾಗ ಹುಟ್ಟಿ ಸುಖ ಬಂದಾಗ ಮರೆಯಾಗುವುದು ನೆವವೇ ಹೊರತು ವ್ರತವಲ್ಲ. ನಷ್ಟದಲ್ಲಿ ಪಾಲುಗೊಳ್ಳಬೇಕಾದವರನ್ನು ಮೊದಲೇ ಕೇಳಿರಬೇಕು. ಕೇಳಿದಾಗ ಅವರಿಗೆ ಒಲ್ಲೆವೆನ್ನುವ ಸ್ವಾತಂತ್ರ್ಯವಿರಬೇಕು. ದ್ರೌಪದಿಯನ್ನು ಯಾರೂ ಕೇಳಲಿಲ್ಲ.

ಈಗ ನಮ್ಮ ಮನೆಗೆ ಬರೋಣ. ನಾನು ಹುಡುಗನಾಗಿದ್ದಾಗ ಒಂದು ಹಿಂಗಾರಿಯಲ್ಲಿ, ಮೇಲೆ ಹೇಳಿದಂತೆಯೇ, ಹದವು ಸೋಮವಾರ ಬಂದಿತು. ಕೆಲವರು ಕೂಲಿಯ ಎತ್ತು ಹೂಡಿ ಬಿತ್ತಿದರು. ನಮ್ಮಪ್ಪ ಹೂಡಲಿಲ್ಲ. ಸೋಮವಾರ ಸಂಜೆಯೇ ಮೋಡ ಕವಿದು ಮಳೆ ಹಿಡಿಯಿತು, ವಾರ ಬಿಡಲಿಲ್ಲ. ತಡವಾಗಿ ಬಿತ್ತಿದ ಜೋಳವು ಹಾಲು ತುಂಬುವ ಹೊತ್ತಿಗೆ ನೆಲದ ತೇವ ತೀರಿಹೋಯಿತು. ಆ ವರ್ಷ ಹಗೇವಿನ ತಳ ಬೇಗ ಕಂಡಿತು. ಅವ್ವನ ಕೊರಳಿನ ಬೋರಮಾಳ ಸಾಹುಕಾರನ ಪೆಟ್ಟಿಗೆಗೆ ಹೋಯಿತು. ವ್ರತ ಅಪ್ಪನದು, ಬರಿದಾದ ಕೊರಳು ಅವ್ವನದು ಎಂದು ನನಗೆ ಬಹುಕಾಲ ಅಪ್ಪನ ಮೇಲೆ ಸಿಟ್ಟಿತ್ತು. ದೊಡ್ಡವನಾದ ಮೇಲೆ ಒಮ್ಮೆ ಅವ್ವನನ್ನೇ ಕೇಳಿದೆನು. ಆಕೆ ನಕ್ಕು, “ಆವತ್ತು ನಸುಕಿನ್ಯಾಗ ನಿಮ್ಮಪ್ಪ ನನ್ನ ಕೇಳ್ಯಾನ, ಏನ್ ಮಾಡ್ಲಿ ಅಂತ. ಎತ್ತಿಗಿ ಬಾಯಿಲ್ಲ, ಅದರ ದಿನ ಅದಕ್ಕ ಇರ್ಲಿ ಅಂತ ನಾನೇ ಅಂದೀನಿ,” ಎಂದಳು.

ಆ ಒಂದು ಮಾತಿನಿಂದ ನನ್ನ ಸಿಟ್ಟಿನ ಬುಡವೇ ಕಳಚಿತು. ನಾನು ಒಬ್ಬರ ವ್ರತವೆಂದು ತಿಳಿದಿದ್ದುದು ಇಬ್ಬರ ವ್ರತವಾಗಿತ್ತು. ಅಷ್ಟೇ ಅಲ್ಲ, ಮೂರನೆಯ ಪಾಲುಗಾರನೊಬ್ಬನು ಕೊಟ್ಟಿಗೆಯಲ್ಲಿದ್ದನು. ತನ್ನ ಪರವಾಗಿ ಮಾತಾಡಲಾರದ ಆ ಪ್ರಾಣಿಗಾಗಿಯೇ ಈ ಕಟ್ಟಳೆ ಹುಟ್ಟಿರಬೇಕು. ಎತ್ತಿಗೆ ಬಿಡುವು ಬೇಕೆಂದು ಬರಿಯ ಬುದ್ಧಿಯ ಮಾತಿನಲ್ಲಿ ಹೇಳಿದ್ದರೆ, ಹದ ಬಂದ ದಿನ ಯಾರೂ ಕೇಳುತ್ತಿರಲಿಲ್ಲ. ಇವತ್ತೊಂದು ದಿನ ಹೂಡೋಣ, ನಾಳೆ ಬಿಡೋಣ ಎಂದು ಬುದ್ಧಿಯೇ ದಾರಿ ಹೇಳಿಕೊಡುತ್ತಿತ್ತು. ವ್ರತವಾದುದರಿಂದ ಲೆಕ್ಕಾಚಾರದ ಬಾಯಿ ಕಟ್ಟಿತು. ಲೆಕ್ಕಕ್ಕೆ ಸಿಕ್ಕದಂತೆ ಕೆಲವನ್ನು ಮೀಸಲಿಡದಿದ್ದರೆ, ಲೆಕ್ಕವು ಎಲ್ಲವನ್ನೂ ನುಂಗಿಬಿಡುವುದೆಂಬುದನ್ನು ನಮ್ಮ ಹಿರಿಯರು ಅರಿತಿದ್ದರು.

ಕಾಲ ಬದಲಾಗಿದೆ. ನಮ್ಮ ಸೀಮೆಯ ಹೊಲಗಳಲ್ಲಿ ಟ್ರ್ಯಾಕ್ಟರು ಬಂದಿದೆ, ಎತ್ತುಗಳು ವಿರಳವಾಗುತ್ತಿವೆ. ಟ್ರ್ಯಾಕ್ಟರಿಗೆ ಸೋಮವಾರವಿಲ್ಲ. ಚೋ ಹೇಯೋನಳ ಆಟಕ್ಕೂ ಯಂತ್ರವು ಬಂದಿದೆ. ೨೦೧೬ರ ಮಾರ್ಚಿಯಲ್ಲಿ ಸೋಲ್ ಪಟ್ಟಣದಲ್ಲಿ ಆಲ್ಫಾಗೋ ಎಂಬ ಗಣಕಯಂತ್ರವು ಲೀ ಸೆಡೋಲ್ ಎಂಬ ಜಗತ್ಪ್ರಸಿದ್ಧ ಆಟಗಾರನನ್ನು ಐದರಲ್ಲಿ ನಾಲ್ಕು ಪಂದ್ಯಗಳಲ್ಲಿ ಸೋಲಿಸಿತು. ೨೦೧೯ರಲ್ಲಿ ಆತನು ವೃತ್ತಿಯನ್ನೇ ಬಿಟ್ಟನು. ತಾನು ಮನುಷ್ಯರಲ್ಲಿ ಮೊದಲಿಗನಾದರೂ ಸೋಲಿಸಲಾಗದ ಒಂದು ವಸ್ತು ಉಳಿದೇ ಇರುವುದೆಂಬ ಭಾವ ಆತನನ್ನು ಕಾಡಿತು. ಆ ಯಂತ್ರಕ್ಕೆ ಹಗಲಿಲ್ಲ, ರಾತ್ರಿಯಿಲ್ಲ, ಭಾನುವಾರವಿಲ್ಲ. ಎಂದು ಕರೆದರೆ ಅಂದೇ ಬಂದು ಕುಳಿತುಕೊಳ್ಳುವುದು. ಕರೆಗೆ ಒಲ್ಲೆನೆನ್ನದಿರುವ ಧರ್ಮರಾಯನ ವ್ರತವನ್ನು ಅದು ತಪ್ಪದೆ ನಡೆಸುತ್ತಿದೆ. ಹರಳನ್ನಿಡುವುದರಲ್ಲಿ ಮನುಷ್ಯನು ಯಂತ್ರವನ್ನು ಗೆಲ್ಲಲಾರನೆಂದು ಈಗ ತೀರ್ಮಾನವಾಗಿದೆ. ಆದರೆ ಇಡಬಲ್ಲ ಹರಳನ್ನು ತನ್ನ ಇಚ್ಛೆಯಿಂದ ಇಡದೆ ಏಳುವುದು ಮನುಷ್ಯನಿಗೇ ಉಳಿದ ಸಾಮರ್ಥ್ಯ. ಯಂತ್ರವನ್ನು ನಿಲ್ಲಿಸಬಹುದು, ಅದು ತಾನಾಗಿ ವಿರಮಿಸಲಾರದು.

ಇಷ್ಟು ಹೇಳಿದುದರಿಂದ, ಪ್ರತಿಯೊಬ್ಬರೂ ವಾರಕ್ಕೊಂದು ದಿನ ಕೆಲಸ ಬಿಡಬೇಕೆಂದು ವಿಧಿಸುವುದು ನನ್ನ ಉದ್ದೇಶವಲ್ಲ. ದಿನಗೂಲಿಯಿಂದ ಹೊಟ್ಟೆ ಹೊರೆಯುವವನಿಗೆ ವ್ರತದ ಉಪದೇಶ ಮಾಡುವುದು ಕ್ರೌರ್ಯ. ಅವನ ಬಿಡುವನ್ನು ಕಸಿದುಕೊಂಡವರು ಬೇರೆ. ಉಪದೇಶ ಅವರಿಗೆ ಸಲ್ಲಬೇಕು. ವ್ರತ ಹಿಡಿದವನು ಹಿಡಿಯದವನನ್ನು ಕೀಳೆಂದು ಕಾಣುವುದೂ ಅಷ್ಟೇ ಅಧರ್ಮ. ರೂಯ್ ನೈವೇಯ್ ಭಾನುವಾರ ಆಡಿದುದು ಪಾಪವೆಂದು ಯಾರು ಹೇಳಿಯಾರು? ಹತ್ತು ವರ್ಷ ಬಿಡುವೇ ಶಿಕ್ಷೆಯಾಗಿದ್ದವಳಿಗೆ ಆಟವೇ ಹಬ್ಬ. ಅಂಗಳದಲ್ಲಿ ಚಂದಯ್ಯನೂ ಇರಬೇಕು, ಲಕ್ಕಮ್ಮನೂ ಇರಬೇಕು.

ಹೀಗಿರಲು ಮೊದಲಿನ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಕಾಯಕವೂ ವ್ರತವೂ ಎದುರಾದಾಗ, ವ್ರತದ ನಷ್ಟವು ಮೊದಲು ತನ್ನ ತಲೆಯ ಮೇಲೆ ಬೀಳುವುದಾದರೆ, ಅದರಲ್ಲಿ ಪಾಲುಗೊಳ್ಳುವವರನ್ನು ಕೇಳಿದ್ದರೆ, ವ್ರತವನ್ನು ಹಿಡಿಯಬಹುದು. ಹಿಡಿದುದರಿಂದ ಕಾಯಕವು ಕೆಡದು. ಬಾದುಕ್ ಆಟದ ಆ ನಿಯಮವನ್ನು ಇಲ್ಲಿ ನೆನೆಯಬೇಕು. ಸುತ್ತಲೂ ವೈರಿ ಮುತ್ತಿದ್ದರೂ ಒಳಗೆ ಬರಿಯ ಮನೆಯನ್ನು ಉಳಿಸಿಕೊಂಡ ಗುಂಪು ಬದುಕುವುದು. ಬದುಕುವುದೋ ಸಾಯುವುದೋ ಎಂಬ ಸಮಸ್ಯೆಗಳನ್ನು ಕಟ್ಟುವುದರಲ್ಲಿ ನಿಪುಣಳಾದ ಚೋ ಹೇಯೋನಳಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಏಳು ದಿನಗಳ ಹಲಗೆಯಲ್ಲಿ ಒಂದು ಮನೆಯನ್ನು ಆಕೆ ತುಂಬದೆ ಬಿಟ್ಟಳು.

ನಮ್ಮ ಕೊಟ್ಟಿಗೆಯಲ್ಲಿ ಈಗ ಎತ್ತುಗಳಿಲ್ಲ. ಆದರೂ ಸೋಮವಾರ ಬೆಳಗ್ಗೆ ಅವ್ವ ಬರಿಯ ಗೂಟಗಳಿಗೆ ವಿಭೂತಿ ಹಚ್ಚಿ, ಆ ಜಾಗವನ್ನು ಗುಡಿಸಿ ಬರುವಳು. ಏಕೆಂದು ಈಗ ನಾನು ಕೇಳುವುದಿಲ್ಲ.